ನಾಲ್ಕು ಜನರ ಮಾತು ಮತ್ತು ನಮ್ಮ ಹೊಳೆಗಳು

ಮನುಷ್ಯನು ತನ್ನ ಮನೆಯ ಹೊಸ್ತಿಲೊಳಗೆ ಸ್ವತಂತ್ರನು, ಹೊಸ್ತಿಲಾಚೆಗೆ ಸಮಾಜಕ್ಕೆ ಅಧೀನನು ಎಂಬ ಭಾವನೆ ಲೋಕದಲ್ಲಿ ರೂಢವಾಗಿದೆ. ವಿಚಾರಿಸಿ ನೋಡಿದರೆ ಈ ಗೆರೆ ಅಷ್ಟು ಸ್ಪಷ್ಟವಾದುದಲ್ಲವೆಂಬದು ತಿಳಿದುಬರುವದು. ಒಲೆಗೆ ಯಾವ ಉರುವಲು, ಹಬ್ಬಕ್ಕೆ ಎಂಥ ಮೂರ್ತಿ, ಸಂತೆಗೆ ಬಟ್ಟೆಯ ಚೀಲವೋ ಪ್ಲಾಸ್ಟಿಕ್ಕಿನದೋ, ಬಚ್ಚಲ ನೀರು ಗಿಡಕ್ಕೋ ಗಟಾರಕ್ಕೋ, ಇವೆಲ್ಲ ಮನೆಯೊಳಗಿನ ನಿರ್ಣಯಗಳೆಂದು ತೋರುತ್ತವೆ. ಆದರೆ ಇವುಗಳಲ್ಲಿ ಪ್ರತಿಯೊಂದರ ಹಿಂದೆಯೂ "ನಾಲ್ಕು ಜನ ಏನೆಂದಾರು?" ಎಂಬ ಪ್ರಶ್ನೆಯೊಂದು ಬಾಗಿಲ ಮರೆಯಲ್ಲಿ ನಿಂತಿರುತ್ತದೆ. ಆ ನಾಲ್ಕು ಜನರ ಹೆಸರನ್ನು ಯಾರೂ ಹೇಳಲಾರರು. ಆದರೂ ಅವರ ಮಾತನ್ನು ಮೀರುವ ಧೈರ್ಯ ಬಹಳ ಜನಕ್ಕೆ ಇರುವದಿಲ್ಲ.

ಈ ಅದೃಶ್ಯವಾದ ಒತ್ತಡವು ನಮ್ಮ ನಾಡಿನ ನೀರು, ನೆಲ, ಗಾಳಿಗಳನ್ನು ಕೆಡಿಸಿದ ಬಗೆ ಯಾವದು, ಉಳಿಸಿದ ಬಗೆ ಯಾವದು ಎಂಬದನ್ನು ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯ ಚರಿತ್ರೆಯಿಂದಲೇ ಉದಾಹರಣೆಗಳನ್ನೆತ್ತಿಕೊಂಡು ಪರಿಶೀಲಿಸಬೇಕೆಂಬದು ನಮ್ಮ ಪ್ರಸ್ತುತ ಉದ್ದೇಶ. ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಭಾಷೆ, ಸಾಹಿತ್ಯಗಳ ವಿಷಯ ಬರುವದು ಸಹಜ. ಆದರೆ ಭಾಷೆಯು ಬದುಕುವದು ಮನೆಗಳಲ್ಲಿ; ಮನೆಗಳು ಬದುಕುವದು ನೀರಿನಿಂದ. ಆದುದರಿಂದ ಈ ವಿಷಯವು ಅಸ್ಥಾನದಲ್ಲಿ ಬಂದಿತೆಂದು ವಾಚಕರು ಭಾವಿಸಲಾರರೆಂದು ನಂಬಿದ್ದೇವೆ.

ಕಲ್ಲಿನಲ್ಲಿ ಕೆತ್ತಿದ ಲೋಕಲಜ್ಜೆ

ಕೊಲ್ಲಾಪುರವನ್ನು ಆಳಿದ ಶಿಲಾಹಾರ ಅರಸರಲ್ಲಿ ಗಂಡರಾದಿತ್ಯನ ಹೆಸರು ಪ್ರಸಿದ್ಧವಾದುದು. ಕ್ರಿ. ಶ. 1110ರ ಸುಮಾರಿನ ಅವನ ತಾಮ್ರಪಟವೊಂದರಿಂದ, ಮಿರಜ ಸೀಮೆಯ ಇರುಕುಡಿ ಎಂಬಲ್ಲಿ ಅವನು "ಗಂಡಸಮುದ್ರ"ವೆಂಬ ಕೆರೆಯನ್ನು ಕಟ್ಟಿಸಿ, ಅದರ ದಂಡೆಯ ಮೇಲೆ ಈಶ್ವರ, ಬುದ್ಧ, ಅರ್ಹಂತ ಈ ಮೂವರನ್ನೂ ಪ್ರತಿಷ್ಠಿಸಿದನೆಂದು ತಿಳಿದುಬರುತ್ತದೆ. ಇದನ್ನು ಅರಸನ ಔದಾರ್ಯವೆಂದು ಹೇಳಿ ಬಿಡುವದು ವಾಡಿಕೆ. ಅದರಲ್ಲಿ ಲೋಕಜ್ಞಾನವೂ ಅಡಗಿದೆಯೆಂದು ನಮಗೆ ತೋರುತ್ತದೆ. ಮೂರು ಮತದವರ ದೇವರು ಒಂದೇ ದಂಡೆಯ ಮೇಲೆ ಕುಳಿತಮೇಲೆ ಆ ಕೆರೆಯು ಮೂರೂ ಮತದವರ ಕಣ್ಣಿಗೆ ತಮ್ಮದಾಯಿತು. ತನ್ನ ದೇವರ ಮುಂದಿನ ನೀರನ್ನು ಹೊಲಸು ಮಾಡಲು ಯಾರಿಗೂ ಮನಸ್ಸಾಗದು. ಬೇರೊಬ್ಬನು ಮಾಡಿದರೆ ನೋಡಿ ಸುಮ್ಮನಿರಲೂ ಆಗದು.

ನಮ್ಮ ಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳನ್ನು ಬಲ್ಲವರು ಬಲ್ಲರು. ಈ ಧರ್ಮವನ್ನು ಕಾಯ್ದವನಿಗೆ ಪುಣ್ಯಕ್ಷೇತ್ರಗಳಲ್ಲಿ ಕವಿಲೆಯ ದಾನ ಮಾಡಿದ ಫಲ, ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಆಶಯದ ಮಾತುಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ. ಕಾವಲುಗಾರರು ಎಲ್ಲ ಕೆರೆಗಳಿಗೂ ಸಾಲುವದಿಲ್ಲ. ಆದುದರಿಂದ ಹಿರಿಯರು ಕಾವಲನ್ನು ಜನರ ಮನಸ್ಸಿನಲ್ಲಿಯೇ ಇರಿಸಿದರು. ಇಂದಿನ ಪಂಡಿತರು ಸಾಮಾಜಿಕ ಒತ್ತಡವೆಂದು ಕರೆಯುವ ವಸ್ತು ಇದೇ. ಅದು ಆಗ ಊರ ನಡುವೆ ಕಲ್ಲಾಗಿ ನಿಂತಿತ್ತು.

ಮಣ್ಣಿನ ಪಂಚಾಂಗ

ಅರಸರ ಕೆರೆಗಳಿಂದ ಒಕ್ಕಲಿನ ಮನೆಗಳಿಗೆ ಬರೋಣ. ನಮ್ಮ ಸೀಮೆಯ ಹಬ್ಬಗಳ ಸಾಲನ್ನು ನೋಡಿದರೆ ಅದೊಂದು ಮಣ್ಣಿನ ಪಂಚಾಂಗವೇ ಆಗಿದೆ. ಜ್ಯೇಷ್ಠದ ಕಾರಹುಣ್ಣಿಮೆಯನ್ನು ಕೊಲ್ಲಾಪುರದ ಕಡೆಗೆ ಇಂದಿಗೂ "ಕರ್ನಾಟಕಿ ಬೇಂದೂರ" ಎಂದೇ ಕರೆಯುವರು. ರಾಜ್ಯಗಳ ಗಡಿ ಎಲ್ಲಿಯೇ ಬಿದ್ದಿರಲಿ, ಎತ್ತುಗಳ ಹಬ್ಬಕ್ಕೆ ಕರ್ನಾಟಕದ ಹೆಸರು ಉಳಿದುಕೊಂಡಿದೆ. ಅದಾದ ಅರ್ಧ ತಿಂಗಳಿಗೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ಮಣ್ಣಿನ ನಾಗಪ್ಪ, ಭಾದ್ರಪದದಲ್ಲಿ ಗಣಪತಿ, ಅವನ ಬೆನ್ನ ಹಿಂದೆಯೇ ಬುಟ್ಟಿಯಲ್ಲಿ ಕುಳಿತು ಬರುವ ಜೋಕುಮಾರ. ಇವರೆಲ್ಲರೂ ಹೊಲದ, ಕೆರೆಯ, ಹೊಳೆಯ ದಂಡೆಯ ಮಣ್ಣಿನಿಂದ ಹುಟ್ಟಿ, ಕೆಲವು ದಿವಸ ಪೂಜೆಗೊಂಡು, ತಿರುಗಿ ಮಣ್ಣಿಗೆ ಸೇರುವವರು.

ಇಲ್ಲಿ ಎರಡು ಸಂಗತಿಗಳನ್ನು ಲಕ್ಷಿಸಬೇಕು. ಮೊದಲನೆಯದು, ಮೂರ್ತಿಯನ್ನು ಮಾಡುವವರು ಬಹುಮಟ್ಟಿಗೆ ಮನೆಯವರೇ, ಇಲ್ಲವೆ ಊರ ಕುಂಬಾರರೇ. ಎರಡನೆಯದು, ಮೂರ್ತಿಯು ಅಂಗೈಯಷ್ಟಿದ್ದರೂ ಯಾರೂ ಕೀಳೆಂದು ತಿಳಿಯುತ್ತಿರಲಿಲ್ಲ. ಮಣ್ಣೆತ್ತು ಸೊಟ್ಟಗಿದ್ದರೆ ಮನೆಯ ಹುಡುಗನು ಮಾಡಿದನೆಂದು ಸಂತೋಷಪಡುತ್ತಿದ್ದರೇ ಹೊರತು ಪೇಟೆಯ ಎತ್ತಿನೊಡನೆ ತೂಗಿ ನೋಡುತ್ತಿರಲಿಲ್ಲ.

ಕಾಲಾಂತರದಲ್ಲಿ ಈ ಅಳತೆಗೋಲು ಬದಲಾಯಿತು. 1893ರಲ್ಲಿ ಲೋಕಮಾನ್ಯ ತಿಲಕರ ಪ್ರೇರಣೆಯಿಂದ ಸಾರ್ವಜನಿಕ ಗಣೇಶೋತ್ಸವವು ವಿಶಾಲವಾದ ಸ್ವರೂಪವನ್ನು ತಾಳಿದಾಗ ಅದರ ಹಿಂದೆ ಜನರನ್ನು ಒಂದುಗೂಡಿಸುವ ದೊಡ್ಡ ಧ್ಯೇಯವಿತ್ತು. ಆದರೆ ಯಾವ ವಸ್ತುವು ಬೀದಿಗೆ ಬರುವದೋ ಅದು ಹೋಲಿಕೆಗೂ ಒಳಗಾಗುವದು. ಒಂದು ಓಣಿಯ ಮೂರ್ತಿ ಇನ್ನೊಂದು ಓಣಿಯ ಮೂರ್ತಿಗಿಂತ ಎತ್ತರವಾಗಬೇಕು. ಅದನ್ನು ನೋಡಿ ಮನೆಯ ಮೂರ್ತಿಯೂ ಬೆಳೆಯಬೇಕು. ಆಗ ಪ್ಲಾಸ್ಟರ್ ಆಫ್ ಪ್ಯಾರಿಸ್ ಕೈಗೆ ಬಂದಿತು. ಅಚ್ಚಿನಲ್ಲಿ ಬೇಗ ಏಳುವದು, ಹಗುರವಾದುದು, ಬೆಲೆ ಕಡಿಮೆ, ಬಣ್ಣ ಹೊಳಪು. ದೋಷವೊಂದೇ: ನೀರಿನಲ್ಲಿ ಅದು ಮಣ್ಣಿನಂತೆ ಕರಗಲಾರದು. ವಿಸರ್ಜನೆಯಾದ ಮೇಲೆ ಬಹುಕಾಲ ತಳದಲ್ಲಿ ಬಿದ್ದಿರುವದು. ಮೇಲಿನ ರಾಸಾಯನಿಕ ಬಣ್ಣಗಳೊಳಗಿನ ಲೋಹಾಂಶ ನೀರಿಗಿಳಿಯುವದು. ಯಾವ ಗೃಹಸ್ಥನೂ ಹೊಳೆಯನ್ನು ಕೆಡಿಸಬೇಕೆಂದು ಇಂಥ ಮೂರ್ತಿಯನ್ನು ತಂದವನಲ್ಲ. ನೆರೆಮನೆಯಲ್ಲಿ ಇದ್ದುದರಿಂದ ತಂದನು. ಅವನ ಮನೆಯಲ್ಲಿ ಇದ್ದುದರಿಂದ ಮತ್ತೊಬ್ಬನು ತಂದನು.

ಹೊಳೆಗಳ ಲೆಕ್ಕ

ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಂಬ ನಾಲ್ಕು ಹೊಳೆಗಳಿಗೆ ಗುಪ್ತಗಾಮಿನಿಯೆಂದು ನಂಬಲಾದ ಸರಸ್ವತಿಯನ್ನು ಸೇರಿಸಿ ಪಂಚಗಂಗೆಯೆಂದು ಹೆಸರು. ಪ್ರಯಾಗ ಚಿಖಲಿಯಲ್ಲಿ ಕೂಡಿದ ಈ ನೀರು ಕೊಲ್ಲಾಪುರವನ್ನು ತಾಗಿ, ಇಚಲಕರಂಜಿಯ ಬಳಿಯಿಂದ ಹರಿದು, ನೃಸಿಂಹವಾಡಿಯಲ್ಲಿ ಕೃಷ್ಣೆಯನ್ನು ಸೇರುವದು. ಅಲ್ಲಿಂದ ಮುಂದೆ ಕೃಷ್ಣೆಯು ಬೆಳಗಾವಿ ಜಿಲ್ಲೆಯನ್ನು ಪ್ರವೇಶಿಸುವಳು. ಆಂಬೋಲಿಯ ಘಟ್ಟದಲ್ಲಿ ಹುಟ್ಟಿದ ಹಿರಣ್ಯಕೇಶಿಯು ಆಜರೆ, ಗಡಹಿಂಗ್ಲಜಗಳನ್ನು ದಾಟಿ ಸಂಕೇಶ್ವರಕ್ಕೆ ಬಂದು ಮುಂದೆ ಘಟಪ್ರಭೆಯಲ್ಲಿ ಲೀನವಾಗುವದು. ವೇದಗಂಗಾ, ದೂಧಗಂಗೆಗಳ ನೀರೂ ನಿಪ್ಪಾಣಿ, ಚಿಕ್ಕೋಡಿಗಳ ಕಡೆಗೇ ಹರಿದುಬರುವದು. 1956ರಲ್ಲಿ ಹಾಗೂ 1960ರಲ್ಲಿ ರಾಜ್ಯಗಳ ಗಡಿಗಳು ತಿದ್ದಲ್ಪಟ್ಟರೂ ಈ ಹೊಳೆಗಳು ತಮ್ಮ ದಾರಿಯನ್ನು ತಿದ್ದಿಕೊಳ್ಳಲಿಲ್ಲ. ನಾವು ಮೇಲೆ ಚೆಲ್ಲಿದುದು ಕೆಳಗೆ ನಮ್ಮ ನಂಟರ ಮನೆಯ ಕೊಡದಲ್ಲಿ ತುಂಬುವದು. ನಮ್ಮ ಸೀಮೆಯ ಎಷ್ಟೋ ಹೆಣ್ಣುಮಕ್ಕಳು ಆ ಕೆಳಗಿನ ಊರುಗಳಿಗೆ ಕೊಟ್ಟವರೇ ಆಗಿರುತ್ತಾರೆಂಬದನ್ನು ನೆನೆದರೆ ಸಾಕು.

ನೀರು ಕೆಟ್ಟರೆ ಆಗುವದೇನೆಂಬದನ್ನು ದೂರ ಹುಡುಕಬೇಕಾಗಿಲ್ಲ. 1904ರಲ್ಲಿ ಮೊದಲ ವಿದ್ಯುತ್ಮಗ್ಗವನ್ನು ಕಂಡು, ಮುಂದೆ "ಮಹಾರಾಷ್ಟ್ರದ ಮ್ಯಾಂಚೆಸ್ಟರ್" ಎಂದು ಕೀರ್ತಿಗೊಂಡ ಇಚಲಕರಂಜಿಯಲ್ಲಿ 2012ರ ಬೇಸಿಗೆಯಲ್ಲಿ ಕಾಮಾಲೆಯ ಬೇನೆ ಹಬ್ಬಿ ಸಾವಿರಾರು ಜನ ಹಾಸಿಗೆ ಹಿಡಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅದು ಮಲಿನ ನೀರಿನಿಂದ ಹರಡುವ ಹೆಪಟೈಟಿಸ್ 'ಈ' ಎಂಬ ರೋಗ. ಮಗ್ಗದ ಸದ್ದಿನಿಂದ ತುಂಬಿದ ಓಣಿಗಳಲ್ಲಿ ಕುದಿಸಿ ಆರಿಸಿದ ನೀರೇ ಔಷಧಕ್ಕಿಂತ ಮಿಗಿಲಾದ ದಿನಗಳವು.

ಈ ಸ್ಥಳದಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಪಂಚಗಂಗೆಯ ಹೊಲಸಿನ ಬಹುಭಾಗವು ಗಣಪತಿಯ ಮೂರ್ತಿಗಳಿಂದ ಬಂದುದಲ್ಲ. ಜಯಂತಿ ನಾಲೆಯಂಥ ನಾಲೆಗಳಿಂದ ಇಳಿದ ನಗರಗಳ ಗಟಾರ ನೀರು, ಬಣ್ಣ ಹಾಕುವ ಹಾಗೂ ಬಟ್ಟೆ ಸಂಸ್ಕರಿಸುವ ಕಾರಖಾನೆಗಳ ನೀರು, ಇವೇ ಅದರ ಪ್ರಧಾನ ಕಾರಣಗಳು. ಅವುಗಳಿಗೆ ಶುದ್ಧೀಕರಣದ ಯಂತ್ರಗಳೂ ಕಾಯಿದೆಯ ಬಿಗಿಯೂ ಬೇಕು. ಗೃಹಿಣಿಯ ಸಂಯಮವೊಂದರಿಂದ ಅವು ತೀರುವ ಕೆಲಸಗಳಲ್ಲ. ಹಾಗಿದ್ದರೆ ಮನೆಯ ನಿರ್ಣಯಗಳನ್ನು ಕುರಿತು ಇಷ್ಟು ಬರೆಯುವದೇಕೆ? ಏಕೆಂದರೆ ತನ್ನ ಮನೆಯ ಕಸದ ವಿಷಯದಲ್ಲಿ ಎಚ್ಚತ್ತ ಜನರೇ ಊರ ನಾಲೆಯ ವಿಷಯದಲ್ಲಿ ಪ್ರಶ್ನೆ ಕೇಳಬಲ್ಲರು. ತನ್ನ ಕೈ ಹೊಲಸಾದವನು ಇನ್ನೊಬ್ಬರ ಕೈಯನ್ನು ತೋರಿಸಲು ನಾಚುವನು.

ದಾನವೆಂಬ ಶಬ್ದದ ಬಲ

ಈ ಎಚ್ಚರವು ಕೊಲ್ಲಾಪುರ ಸೀಮೆಯಲ್ಲಿ ಮೂಡಿದ ರೀತಿ ವಿಚಾರಯೋಗ್ಯವಾಗಿದೆ. ಡಾ. ನರೇಂದ್ರ ದಾಭೋಲಕರರು 1989ರಲ್ಲಿ ಸ್ಥಾಪಿಸಿದ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಮುಂದೆ ಎರಡು ಚಳವಳಿಗಳನ್ನು ಕೈಕೊಂಡರು. ಒಂದು, ವಿಸರ್ಜಿತ ಮೂರ್ತಿಯ ದಾನ; ಇನ್ನೊಂದು, ಹೋಳಿಯನ್ನು ಸಣ್ಣದು ಮಾಡಿ ಹೋಳಿಗೆಯನ್ನು ದಾನ ಮಾಡುವದು. ಮೊದಲನೆಯದರಲ್ಲಿ, ಆರತಿ ಮುಗಿಸಿ ಘಾಟಿಗೆ ಬಂದ ಕುಟುಂಬವು ಮೂರ್ತಿಯನ್ನು ಶಾಸ್ತ್ರಕ್ಕೆ ನೀರು ಮುಟ್ಟಿಸಿ, ಹೊಳೆಗೆ ಬಿಡದೆ, ದಂಡೆಯ ಮೇಲೆ ನಿಂತ ಸ್ವಯಂಸೇವಕರ ಕೈಗೆ ಒಪ್ಪಿಸುವದು. ಹೂಪತ್ರೆಗಳ ನಿರ್ಮಾಲ್ಯವನ್ನು ಬೇರೆಯಾಗಿ ಕೊಡುವದು. ಎರಡನೆಯದರಲ್ಲಿ, ಬೆಂಕಿಗೆ ಅರ್ಪಿಸುವ ಹೋಳಿಗೆಗಳನ್ನು ಹಸಿದವರಿಗೆ ತಲುಪಿಸುವದು, ಕಟ್ಟಿಗೆ ಉಳಿಸುವದು.

ಪ್ರಾರಂಭದಲ್ಲಿ ವಿರೋಧ ಬಂದಿತೆಂಬದು ಆಶ್ಚರ್ಯದ ಮಾತಲ್ಲ. ತಲೆತಲಾಂತರದ ವಿಧಿಯನ್ನು ಮುರಿದೆವೇ ಎಂಬ ಅಳುಕು ಒಂದು ಕಡೆಗೆ. ಘಾಟಿನ ಮೇಲೆ ನೂರಾರು ಜನರ ಕಣ್ಣೆದುರಿನಲ್ಲಿ ಮೊದಲಿಗರಾಗುವ ಸಂಕೋಚ ಇನ್ನೊಂದು ಕಡೆಗೆ. ಆದರೂ ಆ ಪದ್ಧತಿ ಬೇರೂರಿತು. ಸ್ಥಳೀಯ ಸಂಸ್ಥೆಗಳೂ ಶಾಲೆಗಳೂ ಕೈಗೂಡಿಸಿದವು. ಕೃತಕ ಕುಂಡಗಳು ಬಂದವು. ಕೊಲ್ಲಾಪುರದಲ್ಲಿ ರಂಕಾಳೆಯ ಹತ್ತಿರದ ಇರಾಣಿ ಖಣಿಯು ವಿಸರ್ಜನೆಯ ಸ್ಥಳವಾಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮೂರ್ತಿವಿಸರ್ಜನೆಯ ಬಗ್ಗೆ ಮಾರ್ಗಸೂಚಿಗಳನ್ನು ಹೊರಡಿಸಿದ್ದು 2010ರಲ್ಲಿ, ಅವುಗಳನ್ನು ಪರಿಷ್ಕರಿಸಿದ್ದು 2020ರಲ್ಲಿ.

ಈ ಯಶಸ್ಸಿನ ಮರ್ಮವೇನು? ನಮಗೆ ಮೂರು ಕಾರಣಗಳು ಕಾಣುತ್ತವೆ. ಒಂದನೆಯದು, ಅಲ್ಲಿ ನಿಷೇಧದ ಶಬ್ದವಿರಲಿಲ್ಲ, ದಾನದ ಶಬ್ದವಿತ್ತು. "ಬಿಡಬೇಡಿರಿ" ಎಂದರೆ ಮನಸ್ಸು ಸೆಟೆಯುವದು. "ಕೊಡಿರಿ" ಎಂದರೆ ಕೈ ತಾನಾಗಿ ಮುಂದೆ ಬರುವದು. ಎರಡನೆಯದು, ವಿಧಿಯ ಭಾವ ಕೆಡಲಿಲ್ಲ. ಆರತಿಯೂ ಉಳಿಯಿತು, ಬೀಳ್ಕೊಡುಗೆಯೂ ಉಳಿಯಿತು. ಮೂರನೆಯದು, ಕೊಟ್ಟವರನ್ನು ಕೊಡದವರು ನೋಡಿದರು. ನೂರು ಕರಪತ್ರಗಳು ಮಾಡಲಾರದ ಕೆಲಸವನ್ನು ಮುಂದಿನ ಸಾಲಿನಲ್ಲಿ ನಿಂತ ಪರಿಚಿತ ಕುಟುಂಬವೊಂದು ಮಾಡಿತು.

ಮನಶ್ಶಾಸ್ತ್ರದ ಸಾಕ್ಷ್ಯ

ಹೊರದೇಶಗಳ ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ಕಂಡುಕೊಂಡುದೂ ಇದನ್ನೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕೆಯಲ್ಲಿ ಒಳ್ಳೆಯ ಮಾಂಸದ ಕೊರತೆ ಬಿದ್ದಾಗ, ಗೃಹಿಣಿಯರು ಮುಟ್ಟಲು ಹೇಸುತ್ತಿದ್ದ ಕೆಲವು ಭಾಗಗಳನ್ನು ಅಡಿಗೆಯಲ್ಲಿ ಬಳಸುವಂತೆ ಮಾಡುವದು ಹೇಗೆಂಬ ಸಮಸ್ಯೆಯನ್ನು ಕುರ್ಟ್ ಲೆವಿನ್ ಎಂಬ ವಿದ್ವಾಂಸರು ಕೈಗೆತ್ತಿಕೊಂಡರು. ಸಸ್ಯಾಹಾರಿಗಳಾದ ನಮ್ಮ ವಾಚಕರು ವಸ್ತುವನ್ನು ಬಿಟ್ಟು ತತ್ತ್ವವನ್ನಷ್ಟೇ ಗ್ರಹಿಸಬೇಕು. ಕೆಲವು ಗುಂಪುಗಳಿಗೆ ಅವರು ಒಳ್ಳೆಯ ಉಪನ್ಯಾಸ ಮಾಡಿಸಿದರು. ಬೇರೆ ಗುಂಪುಗಳಲ್ಲಿ ಹೆಂಗಸರೇ ಕೂಡಿ ಚರ್ಚಿಸಿ, ಕೊನೆಗೆ ಎಲ್ಲರೆದುರಿಗೆ ಕೈಯೆತ್ತಿ ನಿರ್ಣಯಿಸಿದರು. ಉಪನ್ಯಾಸ ಕೇಳಿದವರಲ್ಲಿ 100ಕ್ಕೆ 3 ಜನ, ಕೂಡಿ ನಿರ್ಣಯಿಸಿದವರಲ್ಲಿ 100ಕ್ಕೆ 32 ಜನ ಆ ಅಡಿಗೆಯನ್ನು ಮಾಡಿದರು. ಭಾಷಣಗಳಲ್ಲಿ ಅಪಾರ ಶ್ರದ್ಧೆಯುಳ್ಳ ನಮ್ಮ ಸಂಘಸಂಸ್ಥೆಗಳು ಈ ಎರಡು ಅಂಕೆಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಾಗಲಾರದು.

1951ರಲ್ಲಿ ಸಾಲೊಮನ್ ಆಶ್ ಎಂಬವರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಉದ್ದ ಗಿಡ್ಡವಾದ ಗೆರೆಗಳಲ್ಲಿ ಸರಿಯಾದುದನ್ನು ಹೇಳುವದಷ್ಟೇ ಕೆಲಸ. ಚಿಕ್ಕ ಮಗುವೂ ಹೇಳಬಹುದು. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಗೊತ್ತು ಮಾಡಿಕೊಂಡಂತೆ ತಪ್ಪು ಉತ್ತರವನ್ನು ಹೇಳಿದಾಗ, ಪರೀಕ್ಷೆಗೊಳಗಾದವರು ಸುಮಾರು ಮೂರರಲ್ಲಿ ಒಂದು ಪಾಲು ಸಂದರ್ಭಗಳಲ್ಲಿ ತಮ್ಮ ಕಣ್ಣನ್ನು ನಂಬದೆ ಗುಂಪಿನ ತಪ್ಪನ್ನೇ ಹೇಳಿದರು. ಆದರೆ ಆ ಗುಂಪಿನಲ್ಲಿ ಒಬ್ಬನೇ ಒಬ್ಬನು ಸತ್ಯವನ್ನು ನುಡಿದರೂ ಸಾಕು, ಹೀಗೆ ಮಣಿಯುವವರ ಪ್ರಮಾಣ ತೀರ ಇಳಿದುಹೋಗುತ್ತಿತ್ತು. ಒಬ್ಬ ಜೊತೆಗಾರನ ಬೆಲೆ ಎಷ್ಟೆಂಬದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಪ್ರಯೋಗ ವಿರಳ.

ಇನ್ನೂ ಈಚಿನದಾಗಿ, 2007ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯದ ಅಧ್ಯಯನವೊಂದರಲ್ಲಿ, ಮುನ್ನೂರಕ್ಕೆ ಹತ್ತಿರದಷ್ಟು ಮನೆಗಳಿಗೆ ಅವುಗಳ ವಿದ್ಯುತ್ತಿನ ಬಳಕೆಯನ್ನೂ ನೆರೆಯವರ ಸರಾಸರಿ ಬಳಕೆಯನ್ನೂ ತಿಳಿಸಲಾಯಿತು. ಹೆಚ್ಚು ಸುಡುತ್ತಿದ್ದವರು ಕಡಿಮೆ ಮಾಡಿದರು. ಆದರೆ ಮೊದಲೇ ಕಡಿಮೆ ಬಳಸುತ್ತಿದ್ದವರು "ನಾವೊಬ್ಬರೇ ಏಕೆ ಕಷ್ಟಪಡಬೇಕು?" ಎಂಬಂತೆ ಹೆಚ್ಚು ಮಾಡಿದರು! ಅಂಥವರ ಚೀಟಿಯ ಮೇಲೆ ಮೆಚ್ಚುಗೆಯ ಸಂಕೇತವಾಗಿ ಒಂದು ನಗುಮೊಗವನ್ನು ಬರೆದಾಗ ಮಾತ್ರ ಅವರು ತಮ್ಮ ಒಳ್ಳೆಯ ರೂಢಿಯಲ್ಲಿಯೇ ನಿಂತರು. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ಜನರನ್ನು ಕೇಳಿದಾಗ ಪ್ರಕೃತಿಯ ಕಾಳಜಿ, ಹಣದ ಉಳಿತಾಯ ಮೊದಲಾದವೇ ತಮ್ಮ ಕಾರಣಗಳೆಂದೂ ನೆರೆಯವರ ಪ್ರಭಾವ ಅತ್ಯಲ್ಪವೆಂದೂ ಅವರು ಹೇಳಿದರು. ಅಳೆದು ನೋಡಿದರೆ ನೆರೆಯವರ ಪ್ರಭಾವವೇ ಎಲ್ಲಕ್ಕೂ ಬಲವಾಗಿತ್ತು. ನಾಲ್ಕು ಜನರ ಮಾತಿಗೆ ನಾವು ಅಂಜುವೆವು. ಅಂಜುವದಿಲ್ಲವೆಂದು ನಂಬಿಯೂ ಇರುವೆವು.

ಗೋಬರ ಗ್ಯಾಸು ಮತ್ತು ಪುರ ಗ್ರಾಮದ ಪಾಠ

ನಮ್ಮ ಒಲೆಗಳ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. 1963ರಲ್ಲಿ ಕೊಲ್ಲಾಪುರ ಜಿಲ್ಲೆಯ ಹಾಲು ಉತ್ಪಾದಕರ ಸಂಘವು ಹುಟ್ಟಿ "ಗೋಕುಳ"ವೆಂದು ಹೆಸರಾಯಿತು. ಕೊಟ್ಟಿಗೆಗಳು ತುಂಬಿದವು, ಸೆಗಣಿಯೂ ತುಂಬಿತು. ಆ ಸೆಗಣಿಯನ್ನು ಕುಳ್ಳು ತಟ್ಟಿ ಸುಟ್ಟರೆ ಹೊಗೆಯೇ ಬಹಳ, ಗೊಬ್ಬರವೂ ನಷ್ಟ. ಗ್ಯಾಸಿನ ಗುಂಡಿಗೆ ಹಾಕಿದರೆ ಉರಿಯೂ ಉಂಟು, ಗೊಬ್ಬರವೂ ಉಂಟು. ಖಾದಿ ಆಯೋಗವು ಅರವತ್ತರ ದಶಕದಿಂದಲೂ, ಕೇಂದ್ರ ಸರಕಾರವು 1981-82ರ ರಾಷ್ಟ್ರೀಯ ಯೋಜನೆಯ ಮೂಲಕವೂ ಇದನ್ನು ಪ್ರಸಾರ ಮಾಡಿದವು. ಲೆಕ್ಕ ಸರಳವಾಗಿದ್ದರೂ ಮನಸ್ಸು ಸರಳವಾಗಿರಲಿಲ್ಲ. ಸೆಗಣಿಯ ಉರಿಯಲ್ಲಿ ಬೆಂದ ಅನ್ನಕ್ಕೆ ವಾಸನೆ ಬಂದೀತೆ? ನೈವೇದ್ಯಕ್ಕೆ ಸಲ್ಲುವದೆ? ಪಾಯಖಾನೆಯನ್ನೂ ಅದೇ ಗುಂಡಿಗೆ ಜೋಡಿಸಬಹುದೆಂದಾಗ ಹೇಸಿಕೆ ಇನ್ನೂ ಹೆಚ್ಚಿತು. ಇಂಥ ಹೇಸಿಕೆಗೆ ತರ್ಕದ ಉತ್ತರ ನಾಟುವದಿಲ್ಲ. ನೆರೆಯ ಮನೆಯಲ್ಲಿ ಅದೇ ಉರಿಯ ಮೇಲೆ ಕಾಸಿದ ಚಹವನ್ನು ಕುಡಿದುದೇ ಅದಕ್ಕೆ ಉತ್ತರ.

ಕನ್ನಡನಾಡಿನೊಳಗಿನ ಇನ್ನೊಂದು ಉದಾಹರಣೆ ಇನ್ನೂ ಅರ್ಥಪೂರ್ಣವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ "ಅಸ್ತ್ರ" ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಪ್ರಾರಂಭಿಸಿದ ಪ್ರೊ. ಎ. ಕೆ. ಎನ್. ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರವೆಂಬ ಸಣ್ಣ ಊರಿನಲ್ಲಿ ಊರೊಟ್ಟಿನ ಗೋಬರ ಗ್ಯಾಸು ಘಟಕವನ್ನು ಕಟ್ಟಿದರು. ಎಲ್ಲರ ಅಡಿಗೆಗೂ ಗ್ಯಾಸು ಕೊಡುವದೆಂಬ ಮೊದಲ ಯೋಜನೆ ಕೈಗೂಡಲಿಲ್ಲ. ಅಷ್ಟು ಸೆಗಣಿ ಇರಲಿಲ್ಲ. ಆಗ ಊರವರ ಇಚ್ಛೆಯಂತೆ ಅದೇ ಗ್ಯಾಸಿನಿಂದ ಯಂತ್ರವನ್ನು ನಡೆಸಿ, ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಕೊಡುವ ವ್ಯವಸ್ಥೆ 1987ರಲ್ಲಿ ಪ್ರಾರಂಭವಾಯಿತು. ಸೆಗಣಿ ತಂದವರಿಗೆ ತಂದ ಕೂಲಿ. ಗ್ಯಾಸು ತೆಗೆದ ಬಳಿಕ ಉಳಿದ ಗೊಬ್ಬರ ಅವರವರಿಗೇ ವಾಪಸು. ಯಾರೂ ಸೆಗಣಿ ತರದಿದ್ದರೆ ಎಲ್ಲರ ದೀಪವೂ ಆರುವದು, ತಮ್ಮದೂ ಆರುವದು.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿದ್ವಾಂಸರು, ಎಲ್ಲರದಾದ ಹುಲ್ಲುಗಾವಲು ಪ್ರತಿಯೊಬ್ಬನ ಸ್ವಾರ್ಥದಿಂದ ಹಾಳಾಗುವದೆಂಬ "ಸಾರ್ವಜನಿಕ ಸ್ವತ್ತಿನ ದುರಂತ"ವನ್ನು ಪ್ರತಿಪಾದಿಸಿದ್ದರು. ರೆಡ್ಡಿಯವರು ಪುರದಲ್ಲಿ ಕಂಡುದನ್ನು ಅದಕ್ಕೆ ಪ್ರತಿಯಾಗಿ "ಸಾರ್ವಜನಿಕ ಸ್ವತ್ತಿನ ವರ"ವೆಂದು ಕರೆದರು. ಒಬ್ಬೊಬ್ಬನ ಹಿತವೂ ಊರ ಹಿತವೂ ಒಂದೇ ಕಡೆಗೆ ಮುಖ ಮಾಡುವಂತೆ ವ್ಯವಸ್ಥೆಯನ್ನು ಕಟ್ಟಿದರೆ ನೆರೆಯವರ ಕಣ್ಣು ಕಾವಲಾಗುವದೇ ಹೊರತು ಕಾಟವಾಗುವದಿಲ್ಲ. ಆ ಘಟಕವು ಚಿರಕಾಲ ಉಳಿಯಲಿಲ್ಲ. 1990ರ ದಶಕದ ನಡುವಿನ ತನಕ ನಡೆದು ನಿಂತಿತು. ಆದರೆ ಅದು ಬೆಳಗಿದ ದೀಪಕ್ಕಿಂತ ಕಲಿಸಿದ ಪಾಠವೇ ದೊಡ್ಡದು.

ನಾಚಿಕೆಯ ಎರಡು ಮುಖಗಳು

ಸಾಮಾಜಿಕ ಒತ್ತಡವನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನು ಮುಚ್ಚುವದು ನ್ಯಾಯವಲ್ಲ. 2000-01ರಲ್ಲಿ ಮಹಾರಾಷ್ಟ್ರ ಸರಕಾರವು ಸಂತ ಗಾಡಗೇಬಾಬಾ ಗ್ರಾಮಸ್ವಚ್ಛತಾ ಅಭಿಯಾನವನ್ನು ಪ್ರಾರಂಭಿಸಿತು. ಗಾಡಗೇಬಾಬಾ (1876-1956) ಅವರು ಊರಿಗೆ ಬಂದೊಡನೆ ಕಸಬರಿಗೆ ಹಿಡಿದು ತಾವೇ ಬೀದಿ ಗುಡಿಸುತ್ತಿದ್ದ ಸಂತರು. ಗುಡಿಸಿದ ಮೇಲೆಯೇ ಕೀರ್ತನ. ಅವರ ಹೆಸರಿನ ಈ ಅಭಿಯಾನದಲ್ಲಿ ಊರೂರುಗಳ ನಡುವೆ ಸ್ಪರ್ಧೆಯನ್ನೇರ್ಪಡಿಸಿ, ಗೆದ್ದ ಊರಿಗೆ ಬಹುಮಾನ ಕೊಡಲಾಯಿತು. ನಮ್ಮ ಊರು ನೆರೆಯೂರಿಗಿಂತ ಹಿಂದೆ ಬೀಳಬಾರದೆಂಬ ಹುರುಪಿನಿಂದ ಜನ ಶ್ರಮದಾನ ಮಾಡಿದರು. ಇದು ಒತ್ತಡದ ಸುಂದರವಾದ ಮುಖ.

ಆದರೆ ಮುಂದೆ ಬಯಲಿಗೆ ಹೋಗುವವರನ್ನು ತಡೆಯಲು "ಗುಡ್ ಮಾರ್ನಿಂಗ್ ಪಥಕ"ಗಳು ನಸುಕಿನಲ್ಲಿ ಹೊರಟಾಗ ಅದೇ ಒತ್ತಡ ಇನ್ನೊಂದು ರೂಪವನ್ನು ತಾಳಿತು. ಹಣವಿದ್ದೂ ಪಾಯಖಾನೆ ಕಟ್ಟಿಸದವನನ್ನು ನಾಚಿಸುವದು ಒಂದು ಮಾತು. ಕಟ್ಟಿಸಲು ಜಾಗವೇ ಇಲ್ಲದ ಕೂಲಿಯ ಹೆಂಗಸನ್ನು ಜನರೆದುರಿಗೆ ತಡೆದು ನಿಲ್ಲಿಸುವದು ಬೇರೆ ಮಾತು. ನಾಚಿಕೆಯು ಶಕ್ತನನ್ನು ತಿದ್ದಬಲ್ಲದು, ಅಶಕ್ತನನ್ನು ಮುರಿಯಬಲ್ಲದು. ಪರಿಸರದ ಹೆಸರಿನಲ್ಲಿ ಬಡವರ ಒಲೆಯ ಹೊಗೆಯನ್ನು ಬೆರಳು ಮಾಡಿ ತೋರಿಸುವವರು, ತಮ್ಮ ಮನೆಯಲ್ಲಿ ಹಗಲಿರುಳು ಓಡುವ ಯಂತ್ರಗಳ ಲೆಕ್ಕವನ್ನೂ ಕೂಡಿಸಬೇಕು.

ಇದಕ್ಕೆ ಪ್ರತಿಯಾಗಿ, ಒತ್ತಡವನ್ನು ಕರುಣೆಯ ಕಡೆಗೆ ತಿರುಗಿಸಿದ ಊರೊಂದೂ ನಮ್ಮ ಜಿಲ್ಲೆಯಲ್ಲಿಯೇ ಇದೆ. ಶಿರೋಳ ತಾಲೂಕಿನ ಹೇರವಾಡ ಗ್ರಾಮವು 2022ರ ಮೇ ತಿಂಗಳಲ್ಲಿ, ಗಂಡ ಸತ್ತವಳ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ನಿಲ್ಲಿಸಲು ಠರಾವು ಮಾಡಿತು. ಅದೇ ತಿಂಗಳಲ್ಲಿ ರಾಜ್ಯ ಸರಕಾರವು ಉಳಿದ ಗ್ರಾಮಗಳಿಗೂ ಆ ಮಾದರಿಯನ್ನು ಅನುಸರಿಸಲು ಸೂಚಿಸಿತು. ಇದು ಪರಿಸರದ ವಿಷಯವಲ್ಲವಾದರೂ ಇಲ್ಲಿನ ಯುಕ್ತಿ ನಮಗೆ ಬೇಕಾದುದು. ಮನೆಯೊಂದು ಒಂಟಿಯಾಗಿ ರೂಢಿಯನ್ನು ಮುರಿದರೆ ಅಪವಾದ ಆ ಮನೆಗೆ. ಊರೇ ಠರಾವು ಮಾಡಿದರೆ ಅಪವಾದವನ್ನು ಹೊರಲು ಊರಿಗೆ ಊರೇ ಇದೆ.

ಗಡಿಯ ಮನೆಗಳ ಕರ್ತವ್ಯ

ಕೊನೆಗೆ ನಮ್ಮ ಮನೆಗಳ ವಿಷಯಕ್ಕೆ ಬರುತ್ತೇವೆ. ಗಡಿಯ ಕನ್ನಡ ಕುಟುಂಬಕ್ಕೆ ನಾಲ್ಕು ಜನರ ಅಂಜಿಕೆ ಇಮ್ಮಡಿಯಾಗಿರುತ್ತದೆ. ಓಣಿಯಲ್ಲಿ ನಾವು ಕೆಲವರೇ. ಮನೆಯೊಳಗಿನ ಮಾತು ಒಂದು, ಬೀದಿಯ ಮಾತು ಇನ್ನೊಂದು. ಹಬ್ಬದಲ್ಲಿ ಸಣ್ಣ ಮಣ್ಣಿನ ಮೂರ್ತಿಯನ್ನು ತಂದರೆ "ಇವರು ಬೇರೆಯವರು" ಎಂಬ ಮಾತು ಬಂದೀತೆಂದು ಎಷ್ಟೋ ಮನೆಗಳು ಹಿಂಜರಿದುವು. ಆದುದರಿಂದಲೇ ನಮ್ಮವರು ಒಮ್ಮೊಮ್ಮೆ ಎಲ್ಲರಿಗಿಂತ ದೊಡ್ಡ ಮೂರ್ತಿಯನ್ನು ತಂದು ತಾವೂ ಇಲ್ಲಿಯವರೆಂದು ತೋರಿಸಿಕೊಳ್ಳಲು ಹವಣಿಸುವದುಂಟು. ಅದನ್ನು ನಾವು ನಿಂದಿಸುವದಿಲ್ಲ. ಅದು ಅಲ್ಪಸಂಖ್ಯಾತರ ಸಹಜವಾದ ಮನೋಧರ್ಮ. ಆದರೆ ಇಲ್ಲಿಯವರೆಂದು ತೋರಿಸಲು ಇಲ್ಲಿಯ ಹೊಳೆಯನ್ನು ಕಾಯುವದಕ್ಕಿಂತ ಉತ್ತಮವಾದ ಸಾಧನ ಯಾವದು? 2005, 2019, 2021ರ ಮಹಾಪೂರಗಳು ಮನೆಗಳೊಳಗೆ ನುಗ್ಗಿದಾಗ ಮನೆಯ ಮಾತು ಯಾವದೆಂದು ಕೇಳಲಿಲ್ಲ.

ಆಶ್ ಅವರ ಪ್ರಯೋಗದಲ್ಲಿ ಒಬ್ಬ ಜೊತೆಗಾರನು ಮಾಡಿದ ಕೆಲಸವನ್ನೇ ನಮ್ಮ ಸಂಘವು ಮಾಡಬಲ್ಲದು. ಲೆವಿನ್ನರ ಗೃಹಿಣಿಯರಂತೆ ನಮ್ಮ ಮನೆಗಳ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ಭಾಷಣ ಕೇಳುವದನ್ನು ಬಿಟ್ಟು, ವೃತ್ತಾಕಾರವಾಗಿ ಕುಳಿತು, ತಮ್ಮೊಳಗೇ ಚರ್ಚಿಸಿ, ಎಲ್ಲರೆದುರಿಗೆ ಕೈಯೆತ್ತಿ ಒಂದೇ ಒಂದು ನಿರ್ಣಯವನ್ನು ಮಾಡಲಿ. ಒಂದು ವರ್ಷ ಮಣ್ಣಿನ ಮೂರ್ತಿ. ಮರುವರ್ಷ ಸಂತೆಗೆ ಅರಿವೆಯ ಚೀಲ. ಅದರ ಮುಂದಿನ ವರ್ಷ ಹಸಿ ಕಸ, ಒಣ ಕಸಗಳ ಬೇರ್ಪಡೆ. 2018ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲಗಳ ಮೇಲೆ ಕಾಯಿದೆಯ ನಿಷೇಧವಿದೆ. ಆದರೂ ಚೀಲ ಹೋಗಲಿಲ್ಲ. ಕಾಯಿದೆಯು ಅಂಗಡಿಯವನನ್ನು ಅಂಜಿಸಬಹುದು, ಗಿರಾಕಿಯ ಕೈಗೆ ಚೀಲ ಕೊಟ್ಟು ಕಳಿಸಲಾರದು. ಅದನ್ನು ಮನೆಯೇ ಮಾಡಬೇಕು. ಮಾಡಿದವರ ಹೆಸರನ್ನು ಸಭೆಯಲ್ಲಿ ಓದೋಣ. ಮಾಡದವರ ಹೆಸರನ್ನು ಓದದಿರೋಣ. ಮಾಡಲು ಶಕ್ತಿಯಿಲ್ಲದವರಿಗೆ ನೆರವಾಗೋಣ. ಮೊದಲಿನಿಂದಲೂ ಮಾಡುತ್ತ ಬಂದ ಮುದುಕಿಯರಿಗೆ, ಬಟ್ಟೆ ಹರಿದರೆ ಕೌದಿ ಹೊಲಿದು, ಬಚ್ಚಲ ನೀರನ್ನು ಬಾಳೆಗೆ ಬಿಟ್ಟವರಿಗೆ, ಒಂದು ಮೆಚ್ಚುಗೆಯ ಮಾತನ್ನು ತಪ್ಪದೆ ಹೇಳೋಣ. ಇಲ್ಲವಾದರೆ ಕ್ಯಾಲಿಫೋರ್ನಿಯದ ಮಿತವ್ಯಯಿಗಳಂತೆ ಅವರ ಸೊಸೆಯಂದಿರು ಆ ರೂಢಿಯನ್ನು ಬಿಟ್ಟಾರು.

ಇನ್ನು ಮಕ್ಕಳ ಮಾತು. ಮಣ್ಣೆತ್ತಿನ ಅಮಾವಾಸ್ಯೆಗೆ ಪೇಟೆಯ ಎತ್ತನ್ನು ತರದೆ, ಹೊಲದ ಮಣ್ಣನ್ನು ತಂದು ಅವರ ಕೈಗೆ ಕೊಡೋಣ. ಮಾಡುವಾಗ ನೊಗ, ಕೊಂಬು, ಗೋದಲಿ, ಬಾರುಕೋಲು ಎಂಬ ಶಬ್ದಗಳೂ ಅವರ ಬಾಯಿಗೆ ಬರುವವು. ಮಣ್ಣನ್ನು ಉಳಿಸುವದೂ ಭಾಷೆಯನ್ನು ಉಳಿಸುವದೂ ಅಲ್ಲಿ ಒಂದೇ ಕೆಲಸವಾಗುವದು.

ಗಂಡರಾದಿತ್ಯನು ಕೆರೆಯ ದಂಡೆಯ ಮೇಲೆ ಮೂವರು ದೇವರನ್ನು ಕೂಡಿಸಿ ಎಲ್ಲರ ಕಣ್ಣನ್ನು ನೀರಿನ ಮೇಲೆ ನಿಲ್ಲಿಸಿದನು. ನಾಲ್ಕು ಜನ ಏನೆಂದಾರೆಂಬ ಅಂಜಿಕೆಯನ್ನು ಮನುಷ್ಯನ ಮನಸ್ಸಿನಿಂದ ಕಿತ್ತುಹಾಕುವದು ಯಾರಿಗೂ ಸಾಧ್ಯವಿಲ್ಲ. ಆ ನಾಲ್ಕು ಜನರು ಏನನ್ನಬೇಕೆಂಬದನ್ನು ನಿರ್ಣಯಿಸುವದು ಮಾತ್ರ ಸಾಧ್ಯವ���ದೆ. ಏಕೆಂದರೆ ನೆರೆಯ ಮನೆಯ ಲೆಕ್ಕದಲ್ಲಿ ಆ ನಾಲ್ಕು ಜನರೆಂದರೆ ನಾವೇ ಅಲ್ಲವೆ?